ಇಲಿಗೂಡಿಗೆ ಗಾಳಿ ಹೊಡೆಯಬೇಡಿ

ಹಳೇ ಕಾರು ಬಿಚ್ಚಿದಾಗ ಒಳಗೆ ಏನೇನೋ ಸಿಕ್ಕಿತೆಂದು ಬರೆಯುವವರು ಬಹಳ. ಅದರಲ್ಲಿ ಈ ಮೊದಲ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ.

ಪ್ರಶ್ನೆ: ಎರಡು ವರ್ಷ ನಿಂತಿದ್ದ ಕಾರಿನ ಏರ್ ಫಿಲ್ಟರ್ ಡಬ್ಬಿ ತುಂಬ ಇಲಿಗೂಡು, ಹಿಕ್ಕೆ. ಕಂಪ್ರೆಸರ್‌ನಿಂದ ಊದಿ ತೆಗೆಯಲೇ? ಮತ್ತೆ ಬರದಂತೆ ಹೊಗೆಸೊಪ್ಪು ಇಟ್ಟರೆ ಸಾಕೇ?

ಉತ್ತರ: ಊದಬೇಡಿ. ಗುಡಿಸಲೂಬೇಡಿ, ವ್ಯಾಕ್ಯೂಮ್ ಹಿಡಿಯಲೂಬೇಡಿ. ಕೆಲವು ಜಾತಿಯ ಇಲಿಗಳ ಒಣ ಹಿಕ್ಕೆ, ಮೂತ್ರದ ದೂಳು ಉಸಿರಿಗೆ ಹೋದರೆ ಶ್ವಾಸಕೋಶ ಇಲ್ಲವೇ ಮೂತ್ರಪಿಂಡವನ್ನು ಕೆಡಿಸುವ ಹಂಟಾವೈರಸ್ ಸೋಂಕು ತಗಲಬಹುದು. ಕೈಯ ಗಾಯಕ್ಕೆ ಮೂತ್ರ ಸೋಕಿದರೆ ಇಲಿಜ್ವರ ಬರಬಹುದು. ಗಿರಾಕಿಯ ಮಗು ಪಕ್ಕದಲ್ಲೇ ನಿಂತಿರುವಾಗ ಮೆಕ್ಯಾನಿಕ್ ಒಬ್ಬರು ಗೂಡಿಗೆ ಗಾಳಿ ಹೊಡೆದದ್ದನ್ನು ನೋಡಿದ್ದೇನೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಬಾನೆಟ್, ಬಾಗಿಲು ಎಲ್ಲ ತೆರೆದು 20 ನಿಮಿಷ ದೂರ ನಿಲ್ಲಿ. ಕಾರಿನ ಏಸಿ ಬ್ಲೋವರ್ ಹಾಕಬೇಡಿ. ಬ್ಯಾಟರಿ ಕಳಚಿ, ರಬ್ಬರ್ ಗ್ಲೌಸು, ಮಾಸ್ಕು ಹಾಕಿಕೊಂಡು ಗೂಡನ್ನು ಸೋಂಕುನಾಶಕದಿಂದ ತೋಯಿಸಿ. 1 ಪಾಲು ಬ್ಲೀಚಿಗೆ 9 ಪಾಲು ನೀರು ಸಾಕು, ಅದಕ್ಕೆ ಬೇರೆ ಯಾವ ಕ್ಲೀನರನ್ನೂ ಬೆರೆಸಬೇಡಿ. 5 ನಿಮಿಷ ಬಿಟ್ಟು ಕಾಗದದಲ್ಲಿ ಎತ್ತಿ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ. ವೈರಿನ ಕನೆಕ್ಟರ್‌ಗಳಿಗೆ ಬ್ಲೀಚು ತಾಗಿದರೆ ತುಕ್ಕು ಹಿಡಿಯುತ್ತದೆ, ಜೋಪಾನ.

ಒಂದು ಗೂಡು ತೆಗೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬಾನೆಟ್ಟಿನ ಹತ್ತಿಯಂಥ ಒಳಪದರ ಕಿತ್ತಿದೆಯೇ ನೋಡಿ. ಕಿತ್ತಿದ್ದರೆ ಆ ಹತ್ತಿ ಎಲ್ಲೋ ಇದೆ. ಸಿಗುವ ತನಕ ಹುಡುಕಿ. ಗ್ಲವ್ ಬಾಕ್ಸಿನ ಹಿಂದಿನ ಕ್ಯಾಬಿನ್ ಫಿಲ್ಟರ್, ಬ್ಲೋವರ್, ಸೈಲೆನ್ಸರ್ ಪೈಪಿನ ಮೇಲ್ಭಾಗ, ಯಾವುದನ್ನೂ ಬಿಡಬೇಡಿ. ಬಿಸಿ ಪೈಪಿನ ಮೇಲೆ ಒಣಗೂಡು ಉಳಿದರೆ ಕಾರಿಗೆ ಬೆಂಕಿ ಹತ್ತಬಹುದು. ಕಚ್ಚಿದ ವೈರಿಗೆ ಟೇಪು ಸುತ್ತಿ ಕಳಿಸುವವರ ಬಳಿ ಮತ್ತೆ ಹೋಗಬೇಡಿ. ಹಳದಿ ಕವಚದ ಏರ್‌ಬ್ಯಾಗ್ ವೈರನ್ನಂತೂ ಮನೆಯಲ್ಲಿ ಮುಟ್ಟಲೇಬಾರದು.

ಹೊಗೆಸೊಪ್ಪು, ಪುದೀನ ಎಣ್ಣೆ, ಕಿವಿಗೆ ಕೇಳದ ಸದ್ದಿನ ಯಂತ್ರ, ಇವನ್ನು ನಂಬಿ ಕೂತವರ ಕಾರುಗಳೇ ನನ್ನ ಮುಂದೆ ಬಂದು ನಿಲ್ಲುತ್ತವೆ. ನುಸಿಗುಳಿಗೆಯ ಆವಿಯನ್ನು ಇಲಿಗಿಂತ ಹೆಚ್ಚು ಕುಡಿಯುವವರು ನೀವು. ಇಲಿಯ ಮುಂಬಲ್ಲು ಸಾಯುವ ತನಕ ಬೆಳೆಯುತ್ತದೆ, ಅದು ಕಡಿಯಲೇಬೇಕು. ಚಿಟ್ಟಿಲಿಗೆ ನುಸುಳಲು 6 ಮಿಲಿಮೀಟರ್ ಸಂದು ಸಾಕು. ಗಾಳಿ ಒಳಬರುವ ಬಾಯಿಗೆ ಅದಕ್ಕಿಂತ ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಹಾಕಿಸಿ, ತಿಂಡಿಯ ಚೂರು ಕಾರಿನಲ್ಲಿ ಬಿಡಬೇಡಿ, ಕಾರನ್ನು ಓಡಿಸುತ್ತಿರಿ. ವಿಷ ಇಟ್ಟರೆ ಇಲಿ ಡ್ಯಾಶ್‌ಬೋರ್ಡಿನೊಳಗೇ ಸಾಯಬಹುದು, ಆಮೇಲೆ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು.

ಪ್ರಶ್ನೆ: ಪೆಟ್ರೋಲ್ ಟ್ಯಾಂಕಿನ ಗಾಳಿಪೈಪಿನಲ್ಲಿ ಜೇಡರಬಲೆ ಇತ್ತು ಎನ್ನುತ್ತಾರೆ. ಬಿಲ್ಲು ಏರಿಸುವ ನೆಪವೇ?

ಉತ್ತರ: ನೆಪವಲ್ಲ. ಇದೇ ಕಾರಣಕ್ಕೆ 2011ರಲ್ಲಿ ಮಾಜ್ದಾ ಕಂಪನಿ ಉತ್ತರ ಅಮೆರಿಕದಲ್ಲಿ ಸುಮಾರು 65,000 ಕಾರುಗಳನ್ನು ವಾಪಸ್ ಕರೆಸಿತು. ಪೈಪು ಕಟ್ಟಿದರೆ ಟ್ಯಾಂಕು ಬಿರಿಯಬಹುದು.

ಪ್ರಶ್ನೆ: ಸೀಟಿನಡಿ ಚಿನ್ನದುಂಗುರ ಸಿಕ್ಕಿತು. ಕಾರು ನನ್ನದು, ಉಂಗುರ?

ಉತ್ತರ: ಹಿಂದಿನ ಮಾಲೀಕರಿಗೆ ಇವತ್ತೇ ಫೋನ್ ಮಾಡಿ.

ಪ್ರಶ್ನೆ: ಸೀಟಿನ ಸಂದಿಯಲ್ಲಿ ಇನ್ನೂ ಏನೋ ಇದೆ. ಕೈ ಹಾಕಿ ತೆಗೆಯಲೇ?

ಉತ್ತರ: ಬೇಡ. ಬ್ಲೇಡು, ಸಿರಿಂಜಿನ ಸೂಜಿ ಎರಡೂ ನನಗೆ ಸಿಕ್ಕಿವೆ. ಟಾರ್ಚು ಬಿಟ್ಟು ನೋಡಿ, ಇಕ್ಕಳದಲ್ಲಿ ತೆಗೆಯಿರಿ. ಗುಂಡು, ತೋಟಾ ಕಂಡರೆ ಮುಟ್ಟದೆ ಪೊಲೀಸರನ್ನು ಕರೆಯಿರಿ.

ಪ್ರಶ್ನೆ: ಬಾಗಿಲಿನ ಒಳಗೆ ನಯವಾದ ಒಣ ಮಣ್ಣು. ದೂಳು ತಾನೇ?

ಉತ್ತರ: ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ. ಬೆಲ್ಟಿನ ಕೊನೆಯಲ್ಲೂ ಅದೇ ಕೆಸರಿನ ಕಲೆ ಇದ್ದರೆ ಆ ಕಾರು ನೆರೆಯಲ್ಲಿ ಮುಳುಗಿ ಎದ್ದದ್ದು. ಏರ್‌ಬ್ಯಾಗು, ಬ್ರೇಕಿನ ಕನೆಕ್ಟರ್‌ಗಳನ್ನು ತೋರಿಸುವ ತನಕ ಅದರಲ್ಲಿ ಯಾರನ್ನೂ ಕೂರಿಸಬೇಡಿ.