ಎಪ್ಪತ್ತು ವರ್ಷದ ಪಕ್ಷ ಒಂದೇ ರಾತ್ರೀಲಿ ಬೀಳತ್ತಾ?

ನಿಮ್ಮ ಕಾದಂಬರಿಯ ಕಲ್ಪನೆಯ ದೇಶದಲ್ಲಿ 70 ವರ್ಷ ಆಳಿದ ರಾಷ್ಟ್ರವಾದಿ ಪಕ್ಷ ಒಂದೇ ರಾತ್ರಿ ದಂಗೆಗೆ ಬಿದ್ರೆ ಓದೋರು ನಂಬ್ತಾರಾ ಅಂತ ಕೇಳಿದ್ರಲ್ಲ, ನನಗೆ ನಂಬೋಕಾಗಲ್ಲ ಸರ್. ಬರೆಯೋ ಮುಂಚೆ ಮೆಕ್ಸಿಕೋದ ಪಿಆರ್‌ಐ (ಇನ್ಸ್ಟಿಟ್ಯೂಷನಲ್ ರೆವಲ್ಯೂಷನರಿ ಪಾರ್ಟಿ) ಪಕ್ಷದ ಕಥೆ ಓದಿ. 1929ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿ, 2000ದಲ್ಲಿ ವಿರೋಧ ಪಕ್ಷದ ವಿಸೆಂಟೆ ಫಾಕ್ಸ್ ಗೆಲ್ಲೋವರೆಗೆ ಅಧ್ಯಕ್ಷ ಗಾದಿ ಅವರ ಕೈ ಬಿಟ್ಟು ಹೋಗಲೇ ಇಲ್ಲ. ಬರೀ ಹೆದರಿಸಿ ಅಷ್ಟು ವರ್ಷ ಆಳೋಕಾಗಲ್ಲ. 1938ರಲ್ಲಿ ಆ ಪಕ್ಷದ ಅಧ್ಯಕ್ಷ ಲಾಸಾರೊ ಕಾರ್ಡೆನಾಸ್ ವಿದೇಶಿ ಪೆಟ್ರೋಲಿಯಂ ಕಂಪನಿಗಳನ್ನ ರಾಷ್ಟ್ರೀಕರಣ ಮಾಡಿದಾಗ ಪರಿಹಾರದ ದುಡ್ಡು ಹೊಂದಿಸೋಕೆ ಹೆಂಗಸರು ಸಾಲಲ್ಲಿ ನಿಂತು ಉಂಗುರ ಕೊಟ್ರು, ಕೈಲಿ ಏನೂ ಇಲ್ಲದೋರು ಮನೆ ಕೋಳಿ ತಂದುಕೊಟ್ರು, ಆ ಕೋಳಿ ಹಿಡಿದ ಹೆಂಗಸನ್ನ ನೆನೆಸಿಕೊಂಡ್ರೆ ನನಗೆ ಈಗಲೂ ಗಂಟಲು ಕಟ್ಟತ್ತೆ. ಕಾರ್ಮಿಕರ ಸಂಘ, ರೈತರ ಸಂಘ ಎಲ್ಲಾ ಪಕ್ಷದ ಒಳಗೇ ಇದ್ವು.

ಬಿದ್ದಿದ್ದು ಮಾತ್ರ ನಿಧಾನಕ್ಕೆ. 1968ರಲ್ಲಿ ರಾಜಧಾನಿ ಮೆಕ್ಸಿಕೋ ಸಿಟಿಯ ತ್ಲಾತೆಲೋಲ್ಕೋದಲ್ಲಿ ವಿದ್ಯಾರ್ಥಿಗಳ ಮೇಲೆ ಸೈನ್ಯದ ಗುಂಡು, 1982ರಲ್ಲಿ ಸಾಲದ ಬಿಕ್ಕಟ್ಟು, 1985ರ ಭೂಕಂಪದಲ್ಲಂತೂ ಸರ್ಕಾರ ಬರೋ ಮುಂಚೆ ಜನಾನೇ ಬರಿಗೈಲಿ ಕಲ್ಲು ಸರಿಸಿ ಸಿಕ್ಕಿಹಾಕ್ಕೊಂಡೋರನ್ನ ಹೊರಗೆ ತೆಗೆದ್ರು. 1988ರ ಅಧ್ಯಕ್ಷ ಚುನಾವಣೇಲಿ ಆ ಕಾರ್ಡೆನಾಸ್ ಮಗನೇ ಪಕ್ಷ ಬಿಟ್ಟು ಎದುರಿಗೆ ನಿಂತ, ಎಣಿಕೆ ರಾತ್ರಿ ಕಂಪ್ಯೂಟರ್ ಸಿಸ್ಟಂ ಕೆಟ್ಟೋಯ್ತು ಅಂದ್ರು, ಕೊನೆಗೆ ಪಕ್ಷಾನೇ ಗೆದ್ದಿದೆ ಅಂತ ಘೋಷಣೆ.

ಹಾಗಾಗಿ ನೀವು ದಂಗೆ ಸೀನ್ ತೆಗೆದುಬಿಡಿ, ಅವತ್ತು ಕೋಳಿ ಕೊಟ್ಟವಳ ಮೊಮ್ಮಗಳು ವಿರೋಧ ಪಕ್ಷಕ್ಕೆ ಓಟು ಹಾಕೋಕೆ ಕ್ಯೂನಲ್ಲಿ ನಿಂತಿರೋದನ್ನ ಬರೀರಿ.