ಓದಲು ಹೋದವಳು ಪ್ರಾಗ್‌ಗೆ ಹೋಗಬಾರದೇ?

ಮೈಸೂರಿನ ಓದುಗರೊಬ್ಬರು ಬರೆದ ಪತ್ರ: "ನನ್ನ ಮಗಳು ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಬ್ಯಾಂಕಿನಲ್ಲಿ ಸಾಲ ಮಾಡಿ ಕಳಿಸಿದ್ದೇವೆ. ಈಗ ಮೂವರು ಸ್ನೇಹಿತರ ಜೊತೆ ಶುಕ್ರವಾರ ಹೊರಟು ಭಾನುವಾರ ವಾಪಸ್ ಬರುವ ಹಾಗೆ ಪಕ್ಕದ ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೋಗುತ್ತೇನೆ ಅನ್ನುತ್ತಿದ್ದಾಳೆ. 'ಓದೋಕೆ ಕಳಿಸಿದ್ದೋ, ಊರು ಸುತ್ತೋಕೆ ಕಳಿಸಿದ್ದೋ' ಅಂತ ನಮ್ಮಕ್ಕ ಕೇಳುತ್ತಾಳೆ. ಎರಡು ದಿನದಲ್ಲಿ ಏನು ನೋಡಲು ಸಾಧ್ಯ? ಸುಮ್ನೆ ಫೋಟೋ ತೆಗೆಸಿಕೊಂಡು ಬರಲು ಇಷ್ಟು ಖರ್ಚು ಬೇಕೇ? ಸಾಲದ್ದಕ್ಕೆ ಇನ್ನೊಂದು ದೇಶದ ಗಡಿ ದಾಟಿ ಹೋಗಬೇಕು. ನಮ್ಮ ಯಜಮಾನರು ಮಾತ್ರ 'ಜಾವಾ ಬೈಕ್ ಹುಟ್ಟಿದ ಊರು, ಹೋಗಿ ಬರಲಿ ಬಿಡು' ಅನ್ನುತ್ತಾರೆ. ನಿಮ್ಮ ಅಭಿಪ್ರಾಯ ತಿಳಿಸಿ."

ಸಂಪಾದಕರ ಉತ್ತರ:

ಕಳಿಸಿ. ಮನಸ್ಸಿನಲ್ಲಿ ಅಳುಕು ಇಟ್ಟುಕೊಳ್ಳದೆ, ಖುಷಿಯಿಂದ ಕಳಿಸಿ. ನಿಮ್ಮ ಮಗಳು ಬೇರೆ ಯಾವುದೋ ಊರಿಗೆ ಹೊರಟಿದ್ದರೆ ನಾನು ಇಷ್ಟು ಖಚಿತವಾಗಿ ಹೇಳುತ್ತಿದ್ದೆನೋ ಇಲ್ಲವೋ. ಆದರೆ ಲೈಪ್‌ಜಿಗ್‌ನಲ್ಲಿ ಓದುವವಳಿಗೆ ಪ್ರಾಗ್ ಸುಮ್ನೆ ಸುತ್ತಿ ಬರುವ ಊರಲ್ಲ. ಅವಳು ಓದುತ್ತಿರುವ ವಿಶ್ವವಿದ್ಯಾಲಯ ಹುಟ್ಟಿದ್ದೇ ಪ್ರಾಗ್‌ನ ಒಂದು ಜಗಳದಿಂದ.

ಪ್ರಾಗ್‌ನಲ್ಲಿ ನಾಲ್ಕನೇ ಚಾರ್ಲ್ಸ್ ದೊರೆ 1348ರಲ್ಲಿ ವಿಶ್ವವಿದ್ಯಾಲಯ ಕಟ್ಟಿಸಿದ. ಮಧ್ಯ ಯುರೋಪಿನಲ್ಲಿ ಅದೇ ಮೊದಲನೆಯದು. ದೂರದೂರದಿಂದ ಹುಡುಗರು ಓದಲು ಬಂದರು. ಮೇಷ್ಟ್ರುಗಳು, ವಿದ್ಯಾರ್ಥಿಗಳು ತಮ್ಮ ತಮ್ಮ ಸೀಮೆಯ ಪ್ರಕಾರ ನಾಲ್ಕು ಗುಂಪುಗಳಾಗಿ ಸೇರಿಕೊಂಡಿದ್ದರು. ಆಡಳಿತದಲ್ಲಿ ಒಂದೊಂದು ಗುಂಪಿಗೆ ಒಂದೊಂದು ಮತ. ಹೀಗಾಗಿ ಸ್ಥಳೀಯ ಚೆಕ್ ಜನರಿಗೆ ತಮ್ಮದೇ ಊರಿನಲ್ಲಿ ನಾಲ್ಕರಲ್ಲಿ ಒಂದು ಮತ ಮಾತ್ರ ಇತ್ತು. 1409ರ ಜನವರಿಯಲ್ಲಿ ಆಗಿನ ದೊರೆ ಕುಟ್ನಾ ಹೋರಾ ಎಂಬ ಊರಿನಲ್ಲಿ ಒಂದು ಆಜ್ಞೆ ಹೊರಡಿಸಿ ಲೆಕ್ಕವನ್ನೇ ತಿರುಗಿಸಿಬಿಟ್ಟ. ಚೆಕ್ ಗುಂಪಿಗೆ ಮೂರು ಮತ, ಉಳಿದ ಮೂರೂ ಗುಂಪಿಗೆ ಸೇರಿ ಒಂದು. ಜರ್ಮನ್ ಮೇಷ್ಟ್ರುಗಳು, ವಿದ್ಯಾರ್ಥಿಗಳು ಸಿಟ್ಟಿಗೆದ್ದು ಗಂಟುಮೂಟೆ ಕಟ್ಟಿಕೊಂಡು ಹೊರಟರು. ಅವರಲ್ಲಿ ಅನೇಕರು ಲೈಪ್‌ಜಿಗ್ ಸೇರಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿ ಹೊಸ ವಿಶ್ವವಿದ್ಯಾಲಯ ಶುರುವಾಯಿತು. ನಿಮ್ಮ ಮಗಳ ಕೈಯಲ್ಲಿರುವ ಐಡಿ ಕಾರ್ಡಿನ ಹಿಂದೆ ಆರುನೂರು ವರ್ಷ ಹಳೆಯ ಈ ಕಥೆ ಇದೆ. ಹಳೆ ಪೇಟೆಯ ಕರೋಲಿನುಮ್ ಕಟ್ಟಡದ ಮುಂದೆ ಹಾದು ಹೋಗುವಾಗ ಒಂದೈದು ನಿಮಿಷ ನಿಂತು ನೋಡಲು ಹೇಳಿ. ಪ್ರಾಗ್ ವಿಶ್ವವಿದ್ಯಾಲಯದ ಅತಿ ಹಳೆಯ ನೆಲೆ ಅದು.

ಇನ್ನು ಅವಳು ಹೋಗುವ ದಾರಿ. ಲೈಪ್‌ಜಿಗ್‌ನಿಂದ ಡ್ರೆಸ್ಡೆನ್, ಅಲ್ಲಿಂದ ಪ್ರಾಗ್. ಎಲ್ಲ ಸೇರಿ ಸುಮಾರು ನಾಲ್ಕು ಗಂಟೆ. ಡ್ರೆಸ್ಡೆನ್ ದಾಟಿದ ಮೇಲೆ ರೈಲು ಎಲ್ಬೆ ನದಿಯ ಪಕ್ಕದಲ್ಲೇ ಓಡುತ್ತದೆ. ಎರಡೂ ಕಡೆ ಮರಳುಗಲ್ಲಿನ ಎತ್ತರದ ಬಂಡೆಗಳು, ಒಂದು ಬೆಟ್ಟದ ಮೇಲೆ ಕೋನಿಗ್‌ಸ್ಟೈನ್ ಕೋಟೆ. ಪ್ರಾಗ್‌ಗೆ ಹೋಗುವಾಗ ಎಡಗಡೆ ಕಿಟಕಿ ಹಿಡಿದರೆ ನದಿ ಚೆನ್ನಾಗಿ ಕಾಣುತ್ತದೆ. ಫೋನ್ ಒಳಗಿಟ್ಟು ನೋಡಬೇಕಾದ ದಾರಿ ಇದು.

ಈ ದಾರಿಯಲ್ಲಿ 1989ರಲ್ಲಿ ನಡೆದದ್ದು ಅವಳಿಗೆ ಗೊತ್ತಿರಲಿ. ಆಗ ಲೈಪ್‌ಜಿಗ್, ಡ್ರೆಸ್ಡೆನ್ ಎರಡೂ ಕಮ್ಯುನಿಸ್ಟ್ ಆಡಳಿತದ ಪೂರ್ವ ಜರ್ಮನಿಯಲ್ಲಿದ್ದವು. ಅಲ್ಲಿನ ಜನ ಪಶ್ಚಿಮಕ್ಕೆ ಹೋಗುವಂತಿರಲಿಲ್ಲ, ಆದರೆ ಪ್ರಾಗ್ ಆಗ ಸೇರಿದ್ದ ಚೆಕೊಸ್ಲೊವಾಕಿಯಾಕ್ಕೆ ಹೋಗಬಹುದಿತ್ತು. ಆ ಬೇಸಿಗೆಯಲ್ಲಿ ಸಾವಿರಾರು ಜನ ಪ್ರಾಗ್‌ಗೆ ಬಂದು ಪಶ್ಚಿಮ ಜರ್ಮನಿಯ ರಾಯಭಾರ ಕಚೇರಿಯ ಬೇಲಿ ಹತ್ತಿ ಒಳಗೆ ಇಳಿದರು. ಕೈಮಗು ಎತ್ತಿಕೊಂಡು ಬಂದವರೂ ಇದ್ದರು. ತೋಟದ ಕೆಸರಿನಲ್ಲಿ ಟೆಂಟ್ ಹಾಕಿಕೊಂಡು ದಿನ ತಳ್ಳಿದರು. ಸೆಪ್ಟೆಂಬರ್ 30ರ ಸಂಜೆ ಪಶ್ಚಿಮ ಜರ್ಮನಿಯ ವಿದೇಶಾಂಗ ಮಂತ್ರಿ ಹಾನ್ಸ್ ಡೀಟ್ರಿಶ್ ಗೆನ್ಷರ್ ಬಾಲ್ಕನಿಗೆ ಬಂದು, ನಿಮಗೆ ಹೊರಡಲು ಅನುಮತಿ ಸಿಕ್ಕಿದೆ ಅಂತ ಹೇಳಲು ಶುರು ಮಾಡಿದರು. ಮಾತು ಮುಗಿಯುವ ಮೊದಲೇ ಜನರ ಕೂಗು ಮುಗಿಲು ಮುಟ್ಟಿತು. ಅವರನ್ನು ಹೊತ್ತ ರೈಲುಗಳು ಡ್ರೆಸ್ಡೆನ್ ಮೂಲಕವೇ ಪಶ್ಚಿಮಕ್ಕೆ ಹೋದವು. ಆ ರೈಲು ಹತ್ತಲು ಡ್ರೆಸ್ಡೆನ್ ನಿಲ್ದಾಣದಲ್ಲಿ ಜನ ಮುಗಿಬಿದ್ದರು, ಪೊಲೀಸರೊಂದಿಗೆ ಘರ್ಷಣೆಯಾಯಿತು. ಅಕ್ಟೋಬರ್ 9ಕ್ಕೆ ಲೈಪ್‌ಜಿಗ್‌ನ ಬೀದಿಗಳಲ್ಲಿ ಸುಮಾರು 70,000 ಜನ ಸರ್ಕಾರದ ವಿರುದ್ಧ ಮೆರವಣಿಗೆ ಹೋದರು. ನವೆಂಬರ್ 9ಕ್ಕೆ ಬರ್ಲಿನ್ ಗೋಡೆ ತೆರೆಯಿತು. ನವೆಂಬರ್ 17ಕ್ಕೆ ಮತ್ತೆ ಪ್ರಾಗ್‌ನ ಸರದಿ.

ಆ ದಿನ ಪ್ರಾಗ್‌ನಲ್ಲಿ ಬೀದಿಗಿಳಿದವರು ವಿದ್ಯಾರ್ಥಿಗಳು. ಐವತ್ತು ವರ್ಷ ಹಿಂದೆ, 1939ರ ಅದೇ ನವೆಂಬರ್ 17ರಂದು, ನಾಜಿಗಳು ಚೆಕ್ ಕಾಲೇಜುಗಳಿಗೆಲ್ಲ ಬೀಗ ಹಾಕಿ, ಒಂಬತ್ತು ಮಂದಿಯನ್ನು ಕೊಂದು, ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಯಾತನಾ ಶಿಬಿರಕ್ಕೆ ಸಾಗಿಸಿದ್ದರು. ಅದರ ನೆನಪಿಗೆ ಹೊರಟ ಮೆರವಣಿಗೆ ಅದು. ನಾರೊದ್ನಿ ಬೀದಿಯಲ್ಲಿ ಪೊಲೀಸರು ಎರಡೂ ಕಡೆ ಅಡ್ಡಗಟ್ಟಿ ಲಾಠಿ ಬೀಸಿದರು. ಹುಡುಗರು ಬರಿಗೈ ಎತ್ತಿ ತೋರಿಸಿದರು. ವರ್ಷ ಮುಗಿಯುವುದರೊಳಗೆ ಕಮ್ಯುನಿಸ್ಟ್ ಸರ್ಕಾರ ಬಿದ್ದು, ಜೈಲಿನಲ್ಲಿದ್ದು ಬಂದ ನಾಟಕಕಾರ ವಾಟ್ಸ್ಲಾವ್ ಹಾವೆಲ್ ಅಧ್ಯಕ್ಷರಾದರು. ಆ ಬೀದಿಯ ಒಂದು ಕಮಾನಿನ ಕೆಳಗೆ, ಗೋಡೆಯಿಂದ ಮೇಲೆದ್ದಿರುವ ಕಂಚಿನ ಕೈಗಳ ಪುಟ್ಟ ಸ್ಮಾರಕ ಇದೆ. ಟಿಕೆಟ್ ಇಲ್ಲ, ಕ್ಯೂ ಇಲ್ಲ. ನಾಲ್ಕು ಜನ ವಿದ್ಯಾರ್ಥಿಗಳು ಪ್ರಾಗ್‌ಗೆ ಹೋಗಿ ಒಂದೇ ಒಂದು ಜಾಗ ನೋಡುವುದಾದರೆ ಅದನ್ನು ನೋಡಲಿ ಅಂತ ನನ್ನ ಆಸೆ. ಅಲ್ಲಿಂದ ಸ್ವಲ್ಪ ನಡೆದರೆ ವೆನ್ಸೆಸ್ಲಾಸ್ ಚೌಕ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ನುಗ್ಗಿದ ಮೇಲೆ ದೇಶ ಸುಮ್ಮನಾಗುತ್ತಿದೆ ಎಂದು ನೊಂದು, 1969ರ ಜನವರಿಯಲ್ಲಿ ಇಲ್ಲೇ ಮೈಗೆ ಬೆಂಕಿ ಹಚ್ಚಿಕೊಂಡು, ಮೂರು ದಿನದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ ಯಾನ್ ಪಲಾಖ್‌ಗೆ ಇಪ್ಪತ್ತೇ ವರ್ಷ. ಅವನೂ ಪ್ರಾಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ವಸ್ತುಸಂಗ್ರಹಾಲಯದ ಮುಂದಿನ ಕಾಲುದಾರಿಯಲ್ಲಿ ನೆಲದಿಂದ ಉಬ್ಬಿಕೊಂಡ ಕಂಚಿನ ಶಿಲುಬೆಯೇ ಅವನ ಗುರುತು.

ನಿಮ್ಮಕ್ಕನವರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಓದೋಕೂ ಕಳಿಸಿದ್ದೀರಿ, ಊರು ಸುತ್ತೋಕೂ ಕಳಿಸಿದ್ದೀರಿ. ಇವೆರಡೂ ಬೇರೆ ಬೇರೆ ಅಲ್ಲ, ಅಲ್ವಾ?

ಎರಡು ದಿನ ಸಾಲುತ್ತದೆಯೇ ಅಂದರೆ, ಎಲ್ಲ ನೋಡಲು ಸಾಲುವುದಿಲ್ಲ. ನಾಲ್ಕೈದು ಜಾಗ ಮನಸ್ಸಿಟ್ಟು ನೋಡಲು ಧಾರಾಳ ಸಾಕು. ಹಳೆಯ ಪ್ರಾಗ್ ನಡೆದೇ ಮುಗಿಸಬಹುದಾದ ಊರು. ವಾರಾಂತ್ಯದಲ್ಲಿ ಹೋಗುವವರು ಒಂದು ವಿಷಯ ಮಾತ್ರ ಮೊದಲೇ ತಿಳಿದಿರಬೇಕು. ಶನಿವಾರ ಸಬ್ಬತ್, ಅಂದರೆ ಯೆಹೂದಿಗಳ ವಿಶ್ರಾಂತಿ ದಿನ, ಆದ್ದರಿಂದ ಯೆಹೂದಿ ಕೇರಿಯ ಮ್ಯೂಸಿಯಂ ಮುಚ್ಚಿರುತ್ತದೆ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುವುದರಿಂದ ಪ್ರಾಗ್ ಕೋಟೆಯೊಳಗಿನ ಸೇಂಟ್ ವೈಟಸ್ ಚರ್ಚ್‌ಗೆ ಪ್ರವಾಸಿಗರನ್ನು ಮಧ್ಯಾಹ್ನದ ತನಕ ಬಿಡುವುದಿಲ್ಲ. ಅದಕ್ಕೇ ಕೋಟೆ ಶನಿವಾರ, ಯೆಹೂದಿ ಕೇರಿ ಭಾನುವಾರ ಇಟ್ಟುಕೊಳ್ಳಲಿ. ಇದು ಗೊತ್ತಿಲ್ಲದೆ ಹೋದವರು ಎರಡೂ ಕಡೆ ಬಾಗಿಲು ನೋಡಿ ಬರುತ್ತಾರೆ.

ಸೇಂಟ್ ವೈಟಸ್ ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಪೂರ್ತಿ ಮುಗಿದದ್ದು 1929ರಲ್ಲಿ. ಒಳಗೆ ಅಲ್ಫೊನ್ಸ್ ಮುಖಾ ಎಂಬ ಕಲಾವಿದ ಮಾಡಿದ ಬಣ್ಣದ ಗಾಜಿನ ಕಿಟಕಿ ಇದೆ, ಬಿಸಿಲು ಇದ್ದ ದಿನ ಕಣ್ಣು ತುಂಬುತ್ತದೆ. ಯೆಹೂದಿ ಕೇರಿಯಲ್ಲಿ ಪಿಂಕಾಸ್ ಪ್ರಾರ್ಥನಾಲಯ ಬಿಡಬಾರದು. ನಾಜಿಗಳು ಕೊಂದ ಸುಮಾರು 78,000 ಯೆಹೂದಿಗಳ ಹೆಸರನ್ನು ಅದರ ಗೋಡೆಗಳ ಮೇಲೆ ಕೈಯಲ್ಲೇ ಬರೆದಿದ್ದಾರೆ. ಮೇಲಿನ ಮಹಡಿಯಲ್ಲಿ ತೆರೆಝಿನ್ ಶಿಬಿರದ ಮಕ್ಕಳು ಬರೆದ ಚಿತ್ರಗಳಿವೆ. ಅಲ್ಲಿಂದ ಹೊರಬಂದ ತಕ್ಷಣ ಇನ್ನೊಂದು ಜಾಗಕ್ಕೆ ಓಡಬೇಡಿ ಅಂತ ಹೇಳಿ. ಚಾರ್ಲ್ಸ್ ಸೇತುವೆಗೆ ಬೆಳಿಗ್ಗೆ ಏಳಕ್ಕೂ ಮೊದಲೇ ಹೋಗಲಿ. 1357ರಲ್ಲಿ ಅಡಿಪಾಯ ಹಾಕಿದ, ಅರ್ಧ ಕಿಲೋಮೀಟರ್ ಉದ್ದದ ಆ ಕಲ್ಲಿನ ಸೇತುವೆ ಹತ್ತು ಗಂಟೆಯ ಮೇಲೆ ಜನಜಾತ್ರೆ. ಕೆಳಗೆ ಹರಿಯುವ ವ್ಲತಾವಾ ಮುಂದೆ ಹೋಗಿ ಎಲ್ಬೆ ಸೇರುತ್ತದೆ. ಅವರು ರೈಲಿನಿಂದ ನೋಡಿದ ನೀರಿನಲ್ಲಿ ಇದೂ ಸೇರಿದೆ. 1410ರ ಖಗೋಳ ಗಡಿಯಾರವನ್ನು ಎಲ್ಲರೂ ನೋಡುತ್ತಾರೆ, ಇವರೂ ನೋಡಲಿ. ಗಂಟೆ ಹೊಡೆಯುವಾಗ ಬೊಂಬೆಗಳಿಗಿಂತ ಜಾಸ್ತಿ ತಮ್ಮ ಬ್ಯಾಗಿನ ಮೇಲೆ ಕಣ್ಣಿಡಲಿ. ಜೇಬುಗಳ್ಳರಿಗೆ ಅದೇ ಒಳ್ಳೆಯ ಸಮಯ.

ನಿಮ್ಮ ಯಜಮಾನರ ಮಾತು ಪೂರ್ತಿ ನಿಜ. ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಪ್ರಾಗ್‌ನಲ್ಲಿ ಜಾವಾ ಬೈಕ್ ಮಾಡಲು ಹೊರಟಾಗ ಮೊದಲ ಮಾದರಿಯನ್ನು ಕೊಂಡದ್ದು ವಾಂಡರರ್ ಎಂಬ ಕಂಪನಿಯಿಂದ. ಆ ಕಂಪನಿ ಇದ್ದದ್ದು ಕೆಮ್ನಿಟ್ಸ್‌ನಲ್ಲಿ, ಅಂದರೆ ಲೈಪ್‌ಜಿಗ್ ಇರುವ ಅದೇ ಸ್ಯಾಕ್ಸನಿ ರಾಜ್ಯದಲ್ಲಿ. ಮುಂದೆ 1960ರ ದಶಕದಲ್ಲಿ ಅದೇ ಜಾವಾ ನಿಮ್ಮ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂತು, ಆಮೇಲೆ ಯೆಝ್ಡಿ ಆಯಿತು, 1996ಕ್ಕೆ ಬಾಗಿಲು ಮುಚ್ಚಿತು. ಎಷ್ಟೊಂದು ಮೈಸೂರಿನ ಮನೆಗಳ ಅನ್ನ ಅದರಿಂದ ಬಂತು. ಪ್ರಾಗ್‌ನ ಲೆತ್ನಾ ಗುಡ್ಡದ ಮೇಲೆ ರಾಷ್ಟ್ರೀಯ ತಾಂತ್ರಿಕ ವಸ್ತುಸಂಗ್ರಹಾಲಯ ಇದೆ. ಅದರ ದೊಡ್ಡ ಹಾಲ್‌ನಲ್ಲಿ ಹಳೆಯ ಮೋಟಾರ್‌ಸೈಕಲ್, ಕಾರು, ರೈಲು ಎಂಜಿನ್, ಮೇಲೆ ತೂಗುಬಿಟ್ಟ ವಿಮಾನ ಎಲ್ಲ ನೋಡಬಹುದು. ಸೋಮವಾರ ರಜೆ, ವಾರಾಂತ್ಯ ತೆರೆದಿರುತ್ತದೆ. ಅಪ್ಪನಿಗೋಸ್ಕರ ಒಂದೂವರೆ ಗಂಟೆ ಅಲ್ಲಿ ಕಳೆಯಲಿ.

ಖರ್ಚಿನ ಮಾತು. ಸಾಲದಲ್ಲಿ ಓದುವ ಮಕ್ಕಳ ಮನೆಯವರ ಸಂಕಟ ಸಣ್ಣದಲ್ಲ. ಆದರೆ ಈ ಪ್ರವಾಸ ಕಡಿಮೆ ದುಡ್ಡಿನಲ್ಲಿ ಆಗುತ್ತದೆ. ಜರ್ಮನಿಯ ಅನೇಕ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಶುಲ್ಕದಲ್ಲೇ ದೇಶದ ಸ್ಥಳೀಯ ರೈಲುಗಳಲ್ಲೆಲ್ಲ ಓಡಾಡುವ ಟಿಕೆಟ್ ಸೇರಿರುತ್ತದೆ. ಅದು ಅವಳ ಬಳಿ ಇದ್ದರೆ ಡ್ರೆಸ್ಡೆನ್ ತನಕ ಬೇರೆ ಖರ್ಚಿಲ್ಲ. ಅಲ್ಲಿಂದ ಪ್ರಾಗ್ ಟಿಕೆಟ್ ಬೇಗ ಕೊಂಡಷ್ಟೂ ಅಗ್ಗ. ನಾಲ್ಕು ಜನ ಸೇರಿ ಅಡುಗೆಮನೆ ಇರುವ ಹಾಸ್ಟೆಲ್ ಹಿಡಿದರೆ ಅನ್ನ-ಸಾರು ಮಾಡಿಕೊಳ್ಳಬಹುದು. ಮಾಂಸ ತಿನ್ನದವರಿಗೆ ಹೋಟೆಲ್‌ಗಳಲ್ಲಿ ಕರಿದ ಚೀಸ್, ಆಲೂಗಡ್ಡೆ ಸಿಗುತ್ತದೆ. ಸೂಪಿನಲ್ಲಿ ಮಾಂಸದ ಚೂರು ಇರಬಹುದು, ಕೇಳಿಯೇ ತಿನ್ನಬೇಕು.

ಅಲ್ಲಿ ಯೂರೋ ಅಲ್ಲ, ಕೊರುನಾ ನಡೆಯುತ್ತದೆ. ಒಂದು ಯೂರೋಗೆ 24-25 ಕೊರುನಾ ಆಸುಪಾಸು. ದುಡ್ಡು ಹೋಗುವುದು ಹೆಚ್ಚಾಗಿ ಇಲ್ಲೇ. ಬೀದಿಯಲ್ಲಿ ನಿಂತು ನೋಟು ಬದಲಾಯಿಸಿಕೊಡುತ್ತೇನೆ ಅನ್ನುವವರ ಹತ್ತಿರ ಹೋಗಲೇಬಾರದು. ಬೆಲೆಯೇ ಇಲ್ಲದ ಬೇರೆ ದೇಶದ ನೋಟು ಕೈಗಿಡುತ್ತಾರೆ. ಎಟಿಎಂ ಅಥವಾ ಕಾರ್ಡ್ ಯಂತ್ರ 'ಯೂರೋದಲ್ಲಿ ಕಡಿತ ಮಾಡಲೇ' ಎಂದು ಕೇಳಿದರೆ ಬೇಡ ಅಂತ ಒತ್ತಿ, ಕೊರುನಾದಲ್ಲೇ ಕೊಡಬೇಕು. ವಿನಿಮಯ ಅಂಗಡಿಯಲ್ಲಿ ಮೋಸವಾಯಿತು ಅನ್ನಿಸಿದರೆ, 2019ರಿಂದ ಅಲ್ಲಿ ಒಂದು ಒಳ್ಳೆಯ ಕಾನೂನು ಇದೆ. 1000 ಯೂರೋ ಒಳಗಿನ ವ್ಯವಹಾರವನ್ನು ಮೂರು ಗಂಟೆಯೊಳಗೆ ರಸೀದಿ ಸಮೇತ ಹೋಗಿ ರದ್ದು ಮಾಡಿಸಬಹುದು.

ಗಡಿಯ ಭಯ ಬಿಡಿ, ಕಾಗದಪತ್ರ ಮಾತ್ರ ಗಟ್ಟಿಯಾಗಿರಲಿ. ಜರ್ಮನಿಯ ವಾಸದ ಪರವಾನಗಿ ಇದ್ದವರು ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು, ಚೆಕ್ ದೇಶವೂ ಅದರಲ್ಲಿದೆ) ಯಾವುದೇ 180 ದಿನದಲ್ಲಿ 90 ದಿನದ ತನಕ ಬೇರೆ ವೀಸಾ ಇಲ್ಲದೆ ಓಡಾಡಬಹುದು. ಪಾಸ್‌ಪೋರ್ಟ್ ಮತ್ತು ಪರವಾನಗಿ ಕಾರ್ಡ್ ಎರಡೂ ಅಸಲಿಯೇ ಜೊತೆಗಿರಬೇಕು, ಫೋನಿನಲ್ಲಿ ಫೋಟೋ ಇದ್ದರೆ ಸಾಲದು. ಜರ್ಮನಿ ಈ ಗಡಿಯಲ್ಲಿ 2023ರ ಅಕ್ಟೋಬರ್‌ನಿಂದ ತಪಾಸಣೆ ಶುರು ಮಾಡಿದೆ, ಹಾಗಾಗಿ ವಾಪಸ್ ಬರುವಾಗ ಪೊಲೀಸರು ರೈಲಿಗೆ ಬಂದು ಕೇಳಬಹುದು. ಅವಳ ಕಾರ್ಡ್ ಅವಧಿ ಮುಗಿದು ನವೀಕರಣಕ್ಕೆ ಕೊಟ್ಟಿದ್ದರೆ ಮಾತ್ರ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಕೇಳದೆ ಗಡಿ ದಾಟಬಾರದು. ಇದೊಂದನ್ನು ಇವತ್ತೇ ವಿಚಾರಿಸಿ.

ರಾತ್ರಿಯ ವಿಷಯ ನೀವು ಬಾಯಿಬಿಟ್ಟು ಬರೆದಿಲ್ಲ, ಆದರೆ ತಾಯಿಯ ಮನಸ್ಸಿನಲ್ಲಿ ಅದು ಇದ್ದೇ ಇರುತ್ತದೆ. ಪ್ರಾಗ್‌ಗೆ ಅಗ್ಗದ ಬಿಯರ್‌ಗೋಸ್ಕರವೇ ಬರುವ ಗುಂಪುಗಳಿವೆ. ಊರಿನವರಿಗೇ ಸಾಕಾಗಿ, ಗೈಡ್‌ಗಳು ರಾತ್ರಿ ಹತ್ತರ ಮೇಲೆ ಗುಂಪು ಕಟ್ಟಿ ಪಬ್ಬಿನಿಂದ ಪಬ್ಬಿಗೆ ಕರೆದೊಯ್ಯುವುದನ್ನು ನಗರಾಡಳಿತ 2024ರಲ್ಲಿ ನಿಲ್ಲಿಸಿತು. ಅಷ್ಟು ಬಿಟ್ಟರೆ ರಾತ್ರಿ ಟ್ರಾಮ್ ಓಡುವ, ಹೆಣ್ಣುಮಕ್ಕಳು ಒಬ್ಬರೇ ಓಡಾಡುವ ಊರು ಅದು. ಹಾಸ್ಟೆಲ್‌ಗಳಲ್ಲಿ ಹೆಂಗಸರಿಗೇ ಮೀಸಲಾದ ಕೋಣೆಗಳೂ ಸಿಗುತ್ತವೆ. ತುರ್ತಿಗೆ 112 ನಂಬರ್, ಭಾರತದ ರಾಯಭಾರ ಕಚೇರಿಯೂ ಆ ಊರಿನಲ್ಲೇ ಇದೆ. ಜರ್ಮನಿಯ ಸಿಮ್ ಅಲ್ಲಿ ಬೇರೆ ಶುಲ್ಕವಿಲ್ಲದೆ ನಡೆಯುತ್ತದೆ, ಹಾಗಾಗಿ ಶುಕ್ರವಾರ ರಾತ್ರಿ ರೂಮ್ ಸೇರಿದ ಮೇಲೆ ಒಂದು ಮೆಸೇಜ್ ಹಾಕಲು ಹೇಳಿ. ಗಂಟೆಗೊಂದು ಫೋನ್ ಮಾಡಬೇಡಿ. ಭಾನುವಾರ ಸಂಜೆ ಐದರೊಳಗಿನ ರೈಲು ಹಿಡಿದರೆ ರಾತ್ರಿ ಮಲಗುವ ಹೊತ್ತಿಗೆ ಲೈಪ್‌ಜಿಗ್‌ನಲ್ಲಿರುತ್ತಾಳೆ, ಸೋಮವಾರದ ಕ್ಲಾಸ್ ತಪ್ಪುವುದಿಲ್ಲ.

– ಸಂಪಾದಕ