ಆ ಹುಡುಗನ ಕೈಗೆ ಪ್ರಸಂಗ ಪುಸ್ತಕ ಕೊಡಿ

ಸಾಗರ ತಾಲ್ಲೂಕಿನ ಹಳ್ಳಿಯೊಂದರಿಂದ ತಾಯಿಯೊಬ್ಬರು ಬರೆದ ಪತ್ರದ ಸಾರ ಹೀಗಿದೆ: "ಮಗ ಐದನೇ ತರಗತಿ. ಕನ್ನಡ ಓದಲು ಬರುತ್ತದೆ, ಆದರೆ ಪುಸ್ತಕ ಎಂದರೆ ಮಾರು ದೂರ. ದಿನಾ ಸಂಜೆ ಏಳರಿಂದ ಏಳೂವರೆ ಓದುವ ಹೊತ್ತು ಎಂದು ಗೊತ್ತುಮಾಡಿದೆ. ಕೋಣೆಯಲ್ಲಿ ಕೂತು ಗಡಿಯಾರ ನೋಡುತ್ತಾನೆ. ಯಕ್ಷಗಾನದ ಹುಚ್ಚು ಮಾತ್ರ ವಿಪರೀತ. ಆಟಕ್ಕೆ ಹೋದರೆ ಬೆಳಗಿನವರೆಗೆ ರೆಪ್ಪೆ ಮುಚ್ಚುವುದಿಲ್ಲ. ಮರುದಿನ ತಲೆಗೆ ಟವೆಲ್ ಸುತ್ತಿಕೊಂಡು ಅಂಗಳದ ತುಂಬ ಅಭಿಮನ್ಯುವಾಗಿ ಕುಣಿಯುತ್ತಾನೆ. ಓದಿಗೆ ಅಡ್ಡಿ ಎಂದು ಆಟ, ಮೊಬೈಲ್ ಹಾಡು, ಚಿತ್ರಕಥೆ ಪುಸ್ತಕ ಎಲ್ಲ ಬಂದ್ ಮಾಡಿದ್ದೇನೆ. ಅವನಿಗೆ ಓದಿನ ರುಚಿ ಹತ್ತಿಸುವ ಹತ್ತು ಒಳ್ಳೆಯ ಪುಸ್ತಕಗಳ ಹೆಸರು ತಿಳಿಸಿ."

ಸೋದರಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹತ್ತು ಹೆಸರು ಬರೆದು ಕಳಿಸುವುದು ಕಷ್ಟವೇನಲ್ಲ. ಆದರೆ ಆ ಹತ್ತೂ ಪುಸ್ತಕ ಅದೇ ಕೋಣೆಗೆ, ಅದೇ ಏಳು ಗಂಟೆಗೆ, ಅದೇ ಗಡಿಯಾರದ ಎದುರಿಗೆ ಹೋಗಿ ಕೂರುತ್ತವಲ್ಲ ಎಂಬ ಸಂಕಟಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಿಮ್ಮ ಮಗನನ್ನು ಓದಿನ ಹತ್ತಿರ ಕರೆದೊಯ್ಯುವ ದಾರಿ ನೀವು ಬಂದ್ ಮಾಡಿದ ಆ ಮೂರರಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ನಾನು ಓದುಗನಾದದ್ದು ಹೇಗೆ ಎಂದು ಹೇಳಿಬಿಡುತ್ತೇನೆ. ನಮ್ಮದು ಕುಂದಾಪುರದ ಕಡೆ. ಮಧ್ಯಾಹ್ನದ ಊಟ ಮುಗಿಸಿ ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ನಮ್ಮ ಜಗಲಿಯಲ್ಲಿ ಬೀಡಿ ಕಟ್ಟಲು ಕೂರುತ್ತಿದ್ದರು. ತೊಡೆಯ ಮೇಲೆ ಮೊರ, ಮೊರದಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ಕೈ ಬಿಡುವಿಲ್ಲ, ಕಿವಿ ಬಿಡುವಾಗಿದೆ. ವಾರಪತ್ರಿಕೆ ಬಂದ ದಿನ ಧಾರಾವಾಹಿ ಓದಿ ಹೇಳುವ ಕೆಲಸ ನನ್ನದು. ನನಗಾಗ ಒಂಬತ್ತು ವರ್ಷ. ಒತ್ತಕ್ಷರ ಬಂದಲ್ಲಿ ತಡವರಿಸುತ್ತಿದ್ದೆ. ಯಾರೂ ತಿದ್ದುತ್ತಿರಲಿಲ್ಲ, ಯಾರಿಗೂ ಅಷ್ಟು ಪುರುಸೊತ್ತಿರಲಿಲ್ಲ. ಎಲ್ಲರಿಗೂ ಬೇಕಾದದ್ದು ಒಂದೇ: "ಮುಂದೆ ಎಂತ ಆಯ್ತ್ ಮಾಣಿ?" ಅರ್ಥವಾಗದ ಮಾತು ಬಂದರೆ ಯಾರೋ ಒಬ್ಬರು ಊಹಿಸಿ ಹೇಳುತ್ತಿದ್ದರು. ಇನ್ನೊಬ್ಬರು ಒಪ್ಪುತ್ತಿರಲಿಲ್ಲ, ಅಲ್ಲಿಗೆ ಜಗಳ ಶುರು. ಕಡೆಯ ಸಾಲಿನಲ್ಲಿ "ಮುಂದುವರಿಯುವುದು" ಎಂದು ಓದಿದಾಗ ಇಡೀ ಜಗಲಿ ನಿಟ್ಟುಸಿರು ಬಿಡುತ್ತಿತ್ತು. ಆ ಕಾದಂಬರಿಗಳು ಮಕ್ಕಳಿಗೆಂದು ಬರೆದವಲ್ಲ, ಶ್ರೇಷ್ಠ ಕೃತಿಗಳೂ ಅಲ್ಲ. ಆದರೂ ನಾನು ಓದುವುದನ್ನು ಆರು ಜನ ಕಾಯುತ್ತಿದ್ದರು. ಆ ಕಾಯುವಿಕೆಯ ಎದುರು ಯಾವ ಬಹುಮಾನ ನಿಂತೀತು?

ಹೀಗೆ ಒಬ್ಬ ಓದಿ ಹತ್ತು ಜನ ಕೇಳುವುದು ನಮ್ಮ ಕಡೆಗೆ ಹೊಸತೂ ಅಲ್ಲ. ಬಯಲುಸೀಮೆಯ ಊರುಗಳಲ್ಲಿ ಮಳೆ ಬಾರದಿದ್ದರೆ ದೇವಸ್ಥಾನದ ಜಗಲಿಯಲ್ಲಿ ಮಹಾಭಾರತ ಓದಿಸುತ್ತಿದ್ದರು. ಕೇರಳದ ಕಣ್ಣೂರಿನ ಬೀಡಿ ಕಾರ್ಖಾನೆಗಳಲ್ಲಿ ಕೆಲಸಗಾರರು ತಮ್ಮಲ್ಲೇ ಒಬ್ಬನನ್ನು ಪತ್ರಿಕೆ ಓದಲು ಕೂರಿಸಿ, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಓದು ಮುಚ್ಚಿದ ಕೋಣೆ ಸೇರಿದ್ದು ಈಚೆಗೆ. ದೊಡ್ಡವರಾದ ನಮಗೆ ಆ ಏಕಾಂತ ಹಿತ. ಹತ್ತು ವರ್ಷದ ಹುಡುಗನಿಗೆ ಅದು ಶಿಕ್ಷೆಯ ಹಾಗೆ ಕಂಡರೆ ತಪ್ಪು ಅವನದಲ್ಲ.

ಇನ್ನು ಯಕ್ಷಗಾನ. ಅಭಿಮನ್ಯು ನಿಮ್ಮ ಅಂಗಳಕ್ಕೇ ಬಂದಿದ್ದಾನೆ, ಅವನನ್ನು ಓಡಿಸಬೇಡಿ. ಆಟದ ಕಥೆಯನ್ನು ಹಾಡುಗಳಲ್ಲಿ ಹೇಳುವ ಒಂದು ಪ್ರಸಂಗ ಪುಸ್ತಕ ತರಿಸಿ. ತೆಳ್ಳಗಿನ ಪುಸ್ತಕ, ಬೆಲೆಯೂ ಕಡಿಮೆ. ಹಳೆಯ ಪ್ರಸಂಗಗಳನ್ನು ಯಕ್ಷಗಾನದ ಅಭಿಮಾನಿಗಳೇ ಕೂಡಿ ಅಂತರ್ಜಾಲದಲ್ಲಿ ಉಚಿತವಾಗಿಯೂ ಇಟ್ಟಿದ್ದಾರೆ. ಬಿಡಿಸಿ ನೋಡಿ: ಪದ್ಯದ ನೆತ್ತಿಯ ಮೇಲೆ ರಾಗ, ತಾಳದ ಹೆಸರು. ನಡುನಡುವೆ ಭಾಮಿನಿ, ವಾರ್ಧಕ, ಕಂದ ಎಂಬ ಛಂದಸ್ಸಿನ ಪದ್ಯಗಳು. ಐದನೇ ತರಗತಿಯ ಪಾಠಕ್ಕಿಂತ ಎಷ್ಟೋ ಗಟ್ಟಿ ಕನ್ನಡ. ಆದರೂ ಅವನಿಗೆ ಹೆದರಿಕೆಯಾಗದು, ಯಾಕೆಂದರೆ ಆ ಪದ್ಯಗಳನ್ನು ಭಾಗವತರ ದನಿಯಲ್ಲಿ ಚೆಂಡೆಯ ಪೆಟ್ಟಿನ ಜೊತೆ ಅವನು ಆಗಲೇ ಕೇಳಿದ್ದಾನೆ. ಕಿವಿಗೆ ಗೊತ್ತಿರುವುದನ್ನು ಕಣ್ಣು ಹುಡುಕಿಕೊಂಡು ಹೋಗುತ್ತದೆ. ಮೊದಲ ದಿನ ಅವನು ಓದುತ್ತಿದ್ದಾನೋ ಹಾಡುತ್ತಿದ್ದಾನೋ ನಿಮಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ.

ಅಸಲು ವಿಷಯ ಮುಂದಿದೆ. ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯ. ವೇಷಧಾರಿ ಆಡುವ ಮಾತು, ನಾವು ಅರ್ಥ ಎನ್ನುತ್ತೇವಲ್ಲ, ಅದು ಅಲ್ಲಿ ಅಚ್ಚಾಗಿಲ್ಲ. ಅದನ್ನು ಕಲಾವಿದ ಅಲ್ಲೇ ಕಟ್ಟಬೇಕು. ನಾಲ್ಕು ಸಾಲಿನ ಪದ್ಯಕ್ಕೆ ಹತ್ತು ನಿಮಿಷ ಅರ್ಥ ಹೇಳುವವನ ತಲೆಯಲ್ಲಿ ಎಷ್ಟು ಓದು ಇರಬೇಕು! ಈ ಗುಟ್ಟನ್ನು ನಿಮ್ಮ ಮಗನಿಗೆ ಹೇಳಿ. ಬೇಸಿಗೆ ರಜೆಯಲ್ಲಿ ಕೇರಿಯ ನಾಲ್ಕು ಮಕ್ಕಳನ್ನು ಕೂರಿಸಿ ತಾಳಮದ್ದಳೆ, ಅಂದರೆ ಕೂತಲ್ಲೇ ಹಾಡು ಮಾತುಗಳಲ್ಲಿ ನಡೆಸುವ ಯಕ್ಷಗಾನ, ಮಾಡಿಸಿ. ವೇಷ ಬೇಡ, ಬಣ್ಣ ಬೇಡ, ರಂಗಸ್ಥಳ ಬೇಡ, ಒಂದು ಚಾಪೆ ಸಾಕು. ಮದ್ದಳೆ ಇಲ್ಲದಿದ್ದರೆ ಡಬ್ಬ ಬಾರಿಸಲಿ. ಒಬ್ಬ ಅಭಿಮನ್ಯು, ಒಬ್ಬಳು ಸುಭದ್ರೆ, ಒಬ್ಬ ದ್ರೋಣ. "ಹದಿನಾರರ ಹುಡುಗನ ಮೇಲೆ ಇಷ್ಟು ಜನ ಬಿದ್ದಿರಲ್ಲ, ಇದು ಯಾವ ಧರ್ಮ?" ಎಂದು ಅಭಿಮನ್ಯು ಕೇಳಿದಾಗ ದ್ರೋಣನಾದ ಹುಡುಗ ಉತ್ತರ ಕೊಡಬೇಕಲ್ಲ? ಸೋತು ಬಂದವನು ಆ ರಾತ್ರಿ ಮಹಾಭಾರತ ಕಥೆಯ ಪುಸ್ತಕ ಎಲ್ಲಿದೆ ಎಂದು ತಾನೇ ಕೇಳುತ್ತಾನೆ. ನೀವು ಕೇಳಿದ ಹತ್ತು ಪುಸ್ತಕಗಳ ಪಟ್ಟಿಗೆ ಅದು ಸರಿಯಾದ ಗಳಿಗೆ. ಕೋಟದ ಹತ್ತಿರ ಸಾಲಿಗ್ರಾಮದ ಮಕ್ಕಳ ಮೇಳ ಎಂಬ ಯಕ್ಷಗಾನ ತಂಡ 1975ರಲ್ಲೇ ಹುಟ್ಟಿ ಮಕ್ಕಳಿಂದ ಇಡೀ ಪ್ರಸಂಗವನ್ನು ಆಡಿಸಿತು. ಮಕ್ಕಳ ಕೈಲಿ ಆಗದು ಎನ್ನುವವರು ಆ ಮೇಳದ ಆಟ ನೋಡಬೇಕು.

ಮೊಬೈಲ್ ಹಾಡಿನ ಮಾತಿಗೆ ಬರುತ್ತೇನೆ. ನನ್ನ ಬಾಲ್ಯದಲ್ಲಿ ಟಾಕೀಸಿನ ಗೇಟಿನಲ್ಲಿ ಸಿನಿಮಾ ಹಾಡಿನ ಪುಸ್ತಕ ಮಾರುತ್ತಿದ್ದರು. ಒರಟು ಕಾಗದದ ನಾಲ್ಕಾರು ಪುಟ. ಮೊದಲು ಅರ್ಧ ಕಥೆ, ಆಮೇಲೆ "ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ". ಶಾಲೆಗೇ ಹೋಗದ ಗೆಳೆಯನೊಬ್ಬ ಅಕ್ಷರ ಕೂಡಿಸಲು ಕಲಿತದ್ದು ಆ ಪುಸ್ತಕಗಳಿಂದ. ಹಾಡು ಬಾಯಿಗೆ ಬರುತ್ತಿತ್ತು, ಬೆರಳನ್ನು ಅಕ್ಷರದ ಕೆಳಗೆ ಇಟ್ಟುಕೊಂಡು ಹಾಡುತ್ತ ಹೋದ, ಅಷ್ಟೆ. ಇದೇ ಮಾತನ್ನು ಅಹಮದಾಬಾದಿನ ಐಐಎಂನ ಬ್ರಿಜ್ ಕೊಠಾರಿ ದೊಡ್ಡದಾಗಿ ಮಾಡಿ ತೋರಿಸಿದರು. ಟಿವಿಯ ಚಿತ್ರಗೀತೆಗಳ ಕೆಳಗೆ ಅದೇ ಭಾಷೆಯ ಸಾಲು ಮೂಡಿಸಿದರೆ ನೋಡುವವರ ಕಣ್ಣು ತಾನಾಗಿ ಓದತೊಡಗುತ್ತದೆ ಎಂಬುದು ಅವರ ಯೋಚನೆ. 1999ರಲ್ಲಿ ಗುಜರಾತಿ ದೂರದರ್ಶನದ 'ಚಿತ್ರಗೀತ್' ಕಾರ್ಯಕ್ರಮದಲ್ಲಿ ಮೊದಲು ಅದು ಬಂತು, ಆಮೇಲೆ ಹಿಂದಿಯ 'ರಂಗೋಲಿ'ಯಲ್ಲೂ. ಇವತ್ತು ಹಾಡಿನ ಸಾಹಿತ್ಯ ತೋರಿಸುವ ವಿಡಿಯೊಗಳಿಗೆ ಬರವಿಲ್ಲ. ಆದರೆ ಕನ್ನಡ ಹಾಡಿಗೆ ಇಂಗ್ಲಿಷ್ ಅಕ್ಷರ ಹಾಕಿದ್ದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಪುಕ್ಕಟೆಯಾಗಿ ಸಿಕ್ಕ ಒಂದು ಪಾಠಶಾಲೆಯನ್ನು ನಾವೇ ಮುಚ್ಚುತ್ತಿದ್ದೇವೆ. ನೀವು ಕನ್ನಡ ಅಕ್ಷರ ಇರುವುದನ್ನೇ ಹುಡುಕಿ ಹಾಕಿಕೊಡಿ, ಜೊತೆಗೆ ಕೂತು ಹಾಡಿ.

ಚಿತ್ರಕಥೆಯ ವಿಷಯದಲ್ಲಿ ನಿಮ್ಮ ಭಯ ನನಗೆ ಗೊತ್ತು, ನನ್ನ ತಂದೆಗೂ ಇತ್ತು. ಒಂದು ಸಂಗತಿ ಮಾತ್ರ ಹೇಳುತ್ತೇನೆ. ದೇಶವೇ ಓದಿದ ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಹೊರದೇಶದ ಮಕ್ಕಳ ಕಥೆಗಳು ಚಿತ್ರಕಥೆಗಳಾಗಿ ಅಚ್ಚಾದವು. ಆ ಸಾಲಿನ 'ಕೃಷ್ಣ' ಹನ್ನೊಂದನೆಯದಾಗಿ ಬರಲು ಅದೇ ಕಾರಣ. ಮಗ ಓದಲಿ ಬಿಡಿ. ಚಿತ್ರಕಥೆಯಲ್ಲೇ ನಿಂತುಬಿಟ್ಟರೆ ಎಂದು ನೀವು ಕೇಳಬಹುದು. ಕೆಲವು ಮಕ್ಕಳು ನಿಲ್ಲುತ್ತಾರೆ, ಸುಳ್ಳು ಹೇಳಲಾರೆ. ಕೋಣೆಯಲ್ಲಿ ಗಡಿಯಾರ ನೋಡುವ ಮಗುವಾದರೋ ಇನ್ನೂ ಹೊರಟೇ ಇಲ್ಲ.

ಊರಿನವರಿಂದ ಆಗಬೇಕಾದದ್ದೂ ಇದೆ, ಎಲ್ಲವನ್ನೂ ತಾಯಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಎನ್ನುತ್ತಾರೆ, ಒಮ್ಮೆ ಹೋಗಿಬನ್ನಿ. 2020ರಲ್ಲಿ 'ಓದುವ ಬೆಳಕು' ಎಂಬ ಸರ್ಕಾರದ ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಮಕ್ಕಳ ತಾಳಮದ್ದಳೆಗೆ ತಿಂಗಳಿಗೊಂದು ಸಂಜೆ ಜಾಗ ಕೊಡಿ ಎಂದು ಮೇಲ್ವಿಚಾರಕರನ್ನು ಕೇಳಿ. ಕೇಳುವವರಿಲ್ಲದೆ ಬೀರುವಿಗೆ ಬೀಗ ಬಿದ್ದಿರುವ ಕಡೆ ಒಬ್ಬ ತಾಯಿ ಬಂದು ಕೇಳಿದರೆ ಬೀಗ ತೆಗೆಯುವ ಮೇಲ್ವಿಚಾರಕರನ್ನು ನಾನು ಕಂಡಿದ್ದೇನೆ. ತಮಿಳುನಾಡಿನ ತೂತ್ತುಕುಡಿಯಲ್ಲಿ ಪೊನ್ ಮಾರಿಯಪ್ಪನ್ ಎಂಬವರು ತಮ್ಮ ಕ್ಷೌರದಂಗಡಿಯಲ್ಲೇ ಪುಸ್ತಕ ಜೋಡಿಸಿಟ್ಟು, ಓದಿದವರಿಗೆ ಕ್ಷೌರದ ದರದಲ್ಲಿ ರಿಯಾಯಿತಿ ಕೊಟ್ಟರು. ನಿಮ್ಮೂರಿನಲ್ಲಿ ಜನ ಕಾಯುವ ಜಾಗ ಯಾವುದು? ಹಾಲಿನ ಡೇರಿಯೋ, ಗಿರಣಿಯೋ? ಅಲ್ಲೊಂದು ಹಲಗೆ ಹೊಡೆಸಿ ಹಳೆಯ ಪತ್ರಿಕೆ ಇಟ್ಟರೂ ಆಯಿತು. ನಮ್ಮ ಕಚೇರಿಯ ಹಿಂದಿನ ಸಂಚಿಕೆಗಳ ಒಂದು ಕಟ್ಟನ್ನು ಅದಕ್ಕೆಂದೇ ತೆಗೆದಿಟ್ಟಿದ್ದೇನೆ.

ಒಂದು ಬೇಡಿಕೆ. ಅವನು ಓದಿದ ಮೇಲೆ ಪ್ರಶ್ನೆ ಕೇಳಬೇಡಿ. ನನ್ನ ಮಗಳಿಗೆ ನಾನು ಕೇಳುತ್ತಿದ್ದೆ: ಕಥೆಯ ನೀತಿ ಏನು, ಯಾವ ಪಾತ್ರ ಇಷ್ಟ, ಯಾಕೆ. ಕ್ರಮೇಣ ಅವಳು ಕಥೆ ಓದುವುದು ಬಿಟ್ಟು ಉತ್ತರ ಹುಡುಕುವುದು ಕಲಿತಳು. ಅದನ್ನು ಸರಿಮಾಡಲು ನನಗೆ ವರ್ಷಗಳೇ ಹಿಡಿದವು, ಇವತ್ತಿಗೂ ನೆನೆದರೆ ಬೇಸರವಾಗುತ್ತದೆ. ಕೇಳಲೇಬೇಕು ಅನ್ನಿಸಿದರೆ ಆ ಜಗಲಿಯ ಹೆಂಗಸರು ಕೇಳುತ್ತಿದ್ದ ಪ್ರಶ್ನೆಯೊಂದನ್ನೇ ಕೇಳಿ. ಅದನ್ನೂ ಅಡುಗೆಮನೆಯಿಂದ, ಕೈ ಕೆಲಸದಲ್ಲಿರುವಾಗ.

ಈ ವರ್ಷದ ತಿರುಗಾಟದಲ್ಲಿ ನಿಮ್ಮೂರಿಗೆ ಯಕ್ಷಗಾನ ಮೇಳ ಬರುವ ದಿನ ಗೊತ್ತಾದರೆ, ಆಡುವ ಪ್ರಸಂಗದ ಹೆಸರನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಿ. ಪುಸ್ತಕ ನನ್ನ ಕಪಾಟಿನಲ್ಲಿದ್ದರೆ ಆಟಕ್ಕೆ ವಾರ ಮೊದಲೇ ಅಂಚೆಗೆ ಹಾಕುತ್ತೇನೆ. ವಿಳಾಸವನ್ನು ಮಾತ್ರ ನಿಮ್ಮ ಮಗನ ಹೆಸರಿನಲ್ಲಿ ಕೊಡಿ.

– ಸಂಪಾದಕ